ಅಮಾನದ ಮೇಫೆಸ್ಟ್: ಮೇ ಕಂಬದ ಜಡೆ ಹೆಣೆಯೋದು, ಬಿಚ್ಚೋದು, ಊಟ, ಮಕ್ಕಳ ಓಡಾಟ

ಮೆಕ್ಕೆಜೋಳದ ನಾಡು

ಅಮೆರಿಕದ ಅಯೋವಾ ರಾಜ್ಯದಲ್ಲಿ ಜರ್ಮನ್ ವಲಸಿಗರು ಕಟ್ಟಿದ ಅಮಾನ ಕಾಲೊನಿಗಳಲ್ಲಿ ಮೇ ತಿಂಗಳ ಆರಂಭದಲ್ಲಿ ನಡೆಯುವ ಮೇಫೆಸ್ಟ್ ಹಬ್ಬದ ಬಗ್ಗೆ ಕನ್ನಡದಲ್ಲಿ ಒಂದೇ ಕಡೆ ಮಾಹಿತಿ ಇರಲಿ ಅಂತ ಈ ಎಳೆ. ಏಳು ಹಳ್ಳಿ, ಸುತ್ತ ಹೊಲ, ಬೀದಿಯಲ್ಲಿ ಮೆರವಣಿಗೆ, ಹಿತ್ತಾಳೆ ವಾದ್ಯ, ಮೇ ಕಂಬದ ಸುತ್ತ ಬಣ್ಣದ ಪಟ್ಟಿ ಹಿಡಿದು ಕುಣಿತ. ಸೀಡರ್ ರ‍್ಯಾಪಿಡ್ಸ್‌ನಿಂದಲೂ ಅಯೋವಾ ಸಿಟಿಯಿಂದಲೂ ಹೆಚ್ಚುಕಡಿಮೆ 20 ಮೈಲಿ. ಐ-80 ಹೆದ್ದಾರಿಯಲ್ಲಿ ಬರುವವರು 225ನೇ ಎಕ್ಸಿಟ್ ಹಿಡಿದು 151ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ತಿರುಗಿದರೆ ಸಾಕು.

ಮೂರು ಪ್ರಶ್ನೆ:
ಒಂದು, ಮಕ್ಕಳಿಗೆ ಮೇ ಕಂಬದ ಕುಣಿತ ಕಲಿಸಬೇಕು. ಹೆಣೆಯೋದು ಹೇಗೋ ಆಗುತ್ತದೆ, ಬಿಚ್ಚುವಾಗ ಗಂಟು ಬೀಳುತ್ತದೆ. ಏಕೆ?
ಎರಡು, ಸಸ್ಯಾಹಾರಿಗಳು ಅಲ್ಲಿ ಏನು ತಿನ್ನಬಹುದು?
ಮೂರು, ಅಲ್ಲಿ ಕಾಣುವ ಚರ್ಮದ ಚಡ್ಡಿ, ಡಿರ್ನ್‌ಡಲ್ ಲಂಗ ಎಲ್ಲ ನಿಜಕ್ಕೂ ಆ ಊರಿನವರ ಪರಂಪರೆಯೇ?

ಕೋಪುಗಾರ

ಮೊದಲ ಪ್ರಶ್ನೆ ಹಿಡಿಯುತ್ತೇನೆ. ಜಡೆ ಕೋಲಾಟ ಬಲ್ಲವರಿಗೆ ಇದು ಅರ್ಧ ಗೊತ್ತಿರುವ ವಿದ್ಯೆ. ಜರ್ಮನರು ಇದನ್ನು ಬಾಂಡ್‌ಲ್‌ಟಾಂಟ್ಸ್ ಅನ್ನುತ್ತಾರೆ, ಅಂದರೆ ಪಟ್ಟಿ ಕುಣಿತ. ನಮ್ಮಲ್ಲಿ ಚಪ್ಪರದ ತೊಲೆಯಿಂದಲೋ ಮರದ ಕೊಂಬೆಯಿಂದಲೋ ಹಗ್ಗ ಇಳಿಬಿಟ್ಟು ಜಡೆ ಕೋಪು ಹಾಕುತ್ತೇವಲ್ಲ, ಅದೇ ದಾಟು, ಅಂದರೆ ಎದುರು ಬಂದವರನ್ನು ಒಂದು ಸಲ ದಾಟಿ ಹೋಗೋದು. ವ್ಯತ್ಯಾಸ ಒಂದೇ: ನಮ್ಮ ಜಡೆ ಗಾಳಿಯಲ್ಲಿ ತೂಗುತ್ತದೆ, ಅವರದು ಕಂಬವನ್ನು ಅಪ್ಪಿಕೊಂಡು ಕೆಳಗಿಳಿಯುತ್ತದೆ. ಹಾಗಾಗಿ ಅಲ್ಲಿ ಕಂಬದ ದಪ್ಪವೂ ಲೆಕ್ಕಕ್ಕೆ ಬರುತ್ತದೆ.

12 ಮಕ್ಕಳು ಅಂತ ಇಟ್ಟುಕೊಳ್ಳಿ. ಸರಿಸಂಖ್ಯೆ ಆಗಲೇಬೇಕು. ಒಬ್ಬರು ಬಿಟ್ಟು ಒಬ್ಬರಿಗೆ ಕೆಂಪು ಪಟ್ಟಿ, ಉಳಿದವರಿಗೆ ಹಳದಿ. ಕೆಂಪಿನವರು ಪ್ರದಕ್ಷಿಣೆ, ಹಳದಿಯವರು ಅಪ್ರದಕ್ಷಿಣೆ. ಪ್ರದಕ್ಷಿಣೆ ಹೋಗುವವರಿಗೆ ಕಂಬ ಬಲಗಡೆ ಇರುತ್ತದೆ, ಹಾಗಾಗಿ ಪಟ್ಟಿ ಬಲಗೈಯಲ್ಲಿ. ಹಳದಿಯವರಿಗೆ ಎಡಗೈಯಲ್ಲಿ. ಇನ್ನೊಂದು ಕೈ ಸಡಿಲಾದ ಪಟ್ಟಿ ಎಳೆದುಕೊಳ್ಳಲು ಖಾಲಿ ಇರಲಿ.

ಮೊದಲ ದಾಟು: ಕೆಂಪು ಒಳಗೆ, ಹಳದಿ ಹೊರಗೆ. ಒಳಗೆ ಹೋಗುವವರು ತಲೆ ತಗ್ಗಿಸಬೇಕು, ಹೊರಗೆ ಹೋಗುವವರು ಕೈಯೆತ್ತಿ ಪಟ್ಟಿಯನ್ನು ಅವರ ತಲೆಯ ಮೇಲಿಂದ ದಾಟಿಸಬೇಕು. ಎರಡನೇ ದಾಟು: ಕೆಂಪು ಹೊರಗೆ, ಹಳದಿ ಒಳಗೆ. ಹೀಗೇ ಒಳಗೆ, ಹೊರಗೆ, ಒಳಗೆ, ಹೊರಗೆ. ಯಾರ ಮುಖವನ್ನೂ ನೋಡಿ ನಿರ್ಧರಿಸಬಾರದು, ಎಣಿಕೆ ಕೇಳಿ ನಿರ್ಧರಿಸಬೇಕು.

ಈಗ ಗಂಟಿನ ವಿಷಯ. 48 ದಾಟು ಹೆಣೆದಿರಿ ಅನ್ನಿ. 48 ಸರಿಸಂಖ್ಯೆ, ಹಾಗಾಗಿ ಕೊನೆಯ ದಾಟಿನಲ್ಲಿ ಕೆಂಪು ಹೊರಗೆ ಹೋಗಿರುತ್ತದೆ. ಎಲ್ಲರೂ ಹಿಂದಿರುಗಿ ನಿಂತರು. ಬಿಚ್ಚುವ ಮೊದಲ ದಾಟಿನಲ್ಲಿ ಕೆಂಪು ಮತ್ತೆ ಹೊರಗೇ ಹೋಗಬೇಕು. ಕೊನೆಗೆ ಹಾಕಿದ ಎಳೆ ಮೇಲಿದೆ, ಅದೇ ಮೊದಲು ಬರಬೇಕು. ಮಕ್ಕಳು ಮಾತ್ರ ಅಭ್ಯಾಸಬಲದಿಂದ "ಕೆಂಪು ಒಳಗೆ" ಅಂತಲೇ ಶುರುಮಾಡುತ್ತಾರೆ. ಆಗ ಹಳೆಯದು ಬಿಚ್ಚುವ ಬದಲು ಅದರ ಮೇಲೆ ತಪ್ಪು ಹೆಣಿಗೆ ಬೀಳುತ್ತದೆ. ನಾಲ್ಕೈದು ದಾಟಿನಲ್ಲಿ ಬಿಗಿದು ನಿಲ್ಲುತ್ತದೆ. ತಿರುಗಿದ ಕೂಡಲೇ ಪಟ್ಟಿಯ ಕೈ ಕೂಡ ಬದಲಾಗಬೇಕು, ಏಕೆಂದರೆ ಕಂಬ ಈಗ ಇನ್ನೊಂದು ಮಗ್ಗುಲಿಗೆ ಬಂತು.

ಮೆಕ್ಕೆಜೋಳದ ನಾಡು

ಇದು ತಲೆಗೆ ಹೋಯಿತು. 48 ಅಂತಲೇ ಏಕೆ ಹೇಳಿದಿರಿ? ಸುಮ್ಮನೆ ಒಂದು ಸಂಖ್ಯೆಯೋ?

ಕೋಪುಗಾರ

ಸುಮ್ಮನೆ ಅಲ್ಲ. 12 ಜನರಿದ್ದಾಗ ಪ್ರತಿ ದಾಟಿಗೂ ಒಬ್ಬೊಬ್ಬರು ವೃತ್ತದ 12ನೇ ಒಂದು ಭಾಗ ಸರಿಯುತ್ತಾರೆ. 48 ದಾಟಿಗೆ 4 ಸುತ್ತು ಮುಗಿದು ಎಲ್ಲರೂ ಹೊರಟ ಜಾಗಕ್ಕೇ ಬಂದಿರುತ್ತಾರೆ. ನೆಲದಲ್ಲಿ ಸುಣ್ಣದಿಂದ 12 ಗುರುತು ಹಾಕಿ, ಪ್ರತಿ ಮಗುವಿಗೂ ತನ್ನ ಗುರುತು ತೋರಿಸಿಡಿ. 48ನೇ ಎಣಿಕೆಗೆ ಯಾರಾದರೂ ಬೇರೆಯವರ ಗುರುತಿನ ಮೇಲೆ ನಿಂತಿದ್ದರೆ ಎಲ್ಲೋ ಒಂದು ದಾಟು ತಪ್ಪಿದೆ ಅಂತ ಅಲ್ಲೇ ತಿಳಿಯುತ್ತದೆ.

ದಾಟಿಗೆ 4 ಹೆಜ್ಜೆ, ನಿಮಿಷಕ್ಕೆ 100 ಹೆಜ್ಜೆಯ ಲಯ ಇಟ್ಟುಕೊಂಡರೆ ಹೆಣೆಯಲು ಎರಡು ನಿಮಿಷಕ್ಕೆ ತುಸು ಕಡಿಮೆ, ಬಿಚ್ಚಲು ಅಷ್ಟೇ. ನಮಸ್ಕಾರ, ತಿರುವು ಎಲ್ಲ ಸೇರಿ 5 ನಿಮಿಷದ ಕಾರ್ಯಕ್ರಮ. ಪೋಲ್ಕಾ ಲಯ 2/4, ಮಕ್ಕಳಿಗೆ ಹಿತ. 3/4ರ ಲೆಂಡ್ಲರ್ ಲಯ ಕೇಳಲು ಚೆಂದ. ಆದರೆ ಮೂರು ಹೆಜ್ಜೆಯ ಲಯದಲ್ಲಿ ಎಡಗಾಲು ಬಲಗಾಲು ಅದಲುಬದಲಾಗುವುದರಿಂದ ಹೊಸಬರಿಗೆ ಎಣಿಕೆ ಕೈಕೊಡುತ್ತದೆ.

ತೋಪಡಾ

ಕಂಬದ ಲೆಕ್ಕ ನನ್ನಿಂದ. ಎಲ್ಲರೂ ತಪ್ಪುವುದು ಇಲ್ಲೇ.

ಮಕ್ಕಳ ಕಂಬ 3.6 ಮೀಟರ್ ಎತ್ತರ, 9 ಸೆಂ.ಮೀ. ದಪ್ಪ ಇದ್ದರೆ ಸಾಕು. ಹೋಲಿಕೆಗೆ ದಕ್ಷಿಣ ಜರ್ಮನಿಯ ಬವೇರಿಯಾದ ಊರ ಮುಂದಿನ ಮೇ ಕಂಬ ನೋಡಿ: 20, 30 ಮೀಟರಿನ ಸ್ಪ್ರೂಸ್ ಮರ, ನೀಲಿ ಬಿಳಿ ಸುರುಳಿ ಪಟ್ಟೆ, ಕಸುಬುಗಳ ಚಿಹ್ನೆ. ತುದಿಯಲ್ಲಿ ಕಟ್ಟಿದ ಜೋಡಿ ಗಳಗಳನ್ನು ಕತ್ತರಿಯಂತೆ ಕೊಟ್ಟು ಹತ್ತಾರು ಜನ ಹಂತ ಹಂತವಾಗಿ ನೂಕಿ ಎಬ್ಬಿಸುತ್ತಾರೆ. ಆ ಜೋಡಿ ಗಳಕ್ಕೆ ಅವರು ಶ್ವಾಲ್ಬೆನ್ ಅಂತಾರೆ, ಅಂದರೆ ಅಂಬರಗುಬ್ಬಿಗಳು. ಅದು ಬೇರೆಯೇ ಕೆಲಸ, ಅದಕ್ಕೆ ಪಟ್ಟಿ ಕಟ್ಟುವ ಮಾತಿಲ್ಲ.

ಪಟ್ಟಿಯ ಉದ್ದ: 12 ಮಕ್ಕಳ ನಡುವೆ 1.3 ಮೀಟರ್ ಅಂತರ ಕೊಟ್ಟರೆ ಸುತ್ತಳತೆ 15.6 ಮೀಟರ್, ತ್ರಿಜ್ಯ 2.5. ಮಗುವಿನ ಕೈ 1 ಮೀಟರ್ ಎತ್ತರದಲ್ಲಿದ್ದರೆ ಕಂಬದ ತುದಿಗೆ ಇನ್ನೂ 2.6 ಮೀಟರ್. ಓರೆಯಾಗಿ ಅಳೆದರೆ 3.6 ಮೀಟರ್. ಹಿಡಿಯಲು 90 ಸೆಂ.ಮೀ. ಸೇರಿಸಿ, ಒಂದು ಪಟ್ಟಿಗೆ 4.5 ಮೀಟರ್. ಒಟ್ಟು 54.

ಪಟ್ಟಿಯ ಅಗಲ: 9 ಸೆಂ.ಮೀ. ಕಂಬದ ಸುತ್ತಳತೆ 28 ಸೆಂ.ಮೀ. ಒಂದೊಂದು ದಿಕ್ಕಿಗೆ 6 ಪಟ್ಟಿ ಓರೆಯಾಗಿ ಸುತ್ತುತ್ತವೆ. 2.5 ಸೆಂ.ಮೀ. ಅಗಲದ ಪಟ್ಟಿ 45 ಡಿಗ್ರಿ ಓರೆಯಲ್ಲಿ 3.5 ಸೆಂ.ಮೀ. ಜಾಗ ತಿನ್ನುತ್ತದೆ, ಆರಕ್ಕೆ 21. ಹಿಡಿಸುತ್ತದೆ, ನಡುವೆ ಕಂಬದ ಬಣ್ಣವೂ ತುಸು ಇಣುಕುತ್ತದೆ. ಅಂದ ಅಂತ 5 ಸೆಂ.ಮೀ. ಪಟ್ಟಿ ತಂದಿರೋ, ಆರಕ್ಕೆ 42 ಸೆಂ.ಮೀ. ಬೇಕು, ಇರೋದು 28. ಮಡಚಿ, ಸುರುಟಿ, ಉಂಡೆ ಕಟ್ಟುತ್ತದೆ. ಬಿಚ್ಚುವಾಗ ಆ ಮಡಿಕೆಗಳೇ ಸಿಕ್ಕು. ಅಗಲದ ಪಟ್ಟಿಯೇ ಬೇಕೆಂದರೆ ಮಕ್ಕಳನ್ನು 8ಕ್ಕೆ ಇಳಿಸಿ.

ಸ್ಯಾಟಿನ್ ಬೇಡ, ಜಾರುತ್ತದೆ. ಮೇಲಿನ ಹೆಣಿಗೆ ಸರ್ರನೆ ಕೆಳಗಿಳಿಯುತ್ತದೆ. ದಪ್ಪ ಹತ್ತಿ ಲಾಡಿ ಅಥವಾ ಗೆರೆ ಗೆರೆಯಾದ ಗ್ರೋಗ್ರೇನ್ ರಿಬ್ಬನ್ ಹಿಡಿತ ಕೊಡುತ್ತದೆ.

ತೋಪಡಾ

ಕಂಬದ ತಲೆಗೆ ಕೂರಿಸುವ ಬಿಲ್ಲೆ ಮರೆತೆ. 15 ರಿಂದ 18 ಸೆಂ.ಮೀ. ಅಗಲದ ಪ್ಲೈವುಡ್ ಬಿಲ್ಲೆ, ಅಂಚಿನಲ್ಲಿ 30 ಡಿಗ್ರಿಗೊಂದರಂತೆ 12 ತೂತು. ಪಟ್ಟಿಯನ್ನು ತೂರಿಸಿ ಮೇಲ್ಭಾಗದಲ್ಲಿ ಗಂಟು. ಸ್ಟೇಪಲ್ ಹೊಡೆಯಬೇಡಿ, ಎಳೆತಕ್ಕೆ ಹರಿಯುತ್ತದೆ. ಬಿಲ್ಲೆ ಇನ್ನೂ ಅಗಲವಾದರೆ ಮೊದಲ ದಾಟುಗಳು ಕಂಬಕ್ಕೆ ತಾಗದೆ ಡೇರೆಯಂತೆ ನಿಂತುಬಿಡುತ್ತವೆ. ಬಿಲ್ಲೆ ತಿರುಗಬಾರದು. "ಸಲೀಸಾಗಿ ತಿರುಗಲಿ" ಅಂತ ಬೇರಿಂಗ್ ಹಾಕಿದರೆ ಒಂದು ಗುಂಪು ಬಲವಾಗಿ ಎಳೆದ ಕೂಡಲೇ ತಲೆ ಅತ್ತ ತಿರುಗಿ ಹೆಣಿಗೆಯ ಓರೆ ಕೆಡುತ್ತದೆ.

ಬುಡ: ನೆಲದಲ್ಲಿ 60, 70 ಸೆಂ.ಮೀ. ಆಳಕ್ಕೆ ಉಕ್ಕಿನ ಕೊಳವೆ ಹೂತು ಅದರಲ್ಲಿ ಕಂಬ ಇಳಿಸುವುದು ಒಳ್ಳೆಯದು. ಡಾಂಬರು ಅಥವಾ ವೇದಿಕೆಯ ಮೇಲಾದರೆ 1.2 ಮೀಟರ್ ಚೌಕದ ಹಲಗೆ ಬುಡ. ಒಂದೇ ಮಗ್ಗುಲಿನ 6 ಮಕ್ಕಳು ತಲಾ 3 ಕಿಲೋ ಎಳೆದರೆ 18 ಕಿಲೋ, 3.6 ಮೀಟರ್ ಎತ್ತರದಲ್ಲಿ. ಇದನ್ನು ತಡೆಯಲು ನಡುವಿನಲ್ಲಿ 108 ಕಿಲೋ ಭಾರ ಬೇಕು. ಎರಡರಷ್ಟು ಇಟ್ಟುಕೊಳ್ಳಿ: 20 ಕಿಲೋದ 11 ಮರಳು ಚೀಲ. ಎಲ್ಲರೂ ಸಮವಾಗಿ ನಿಂತಾಗ ಎಳೆತ ಒಂದಕ್ಕೊಂದು ಸರಿಹೋಗುತ್ತದೆ ನಿಜ. ಗಾಳಿ ಬೀಸಿದಾಗ, ಒಂದು ಮಗು ಎಡವಿ ಪಟ್ಟಿಗೆ ಜೋತುಬಿದ್ದಾಗ ಸರಿಹೋಗುವುದಿಲ್ಲ. ಅದಕ್ಕೇ ಬುಡದ ಬಳಿ ಯಾವಾಗಲೂ ಒಬ್ಬ ದೊಡ್ಡವರು ನಿಂತಿರಬೇಕು.

ಹೊನ್ನೆಮರ

ಜಡೆ ಎಷ್ಟು ಕೆಳಗೆ ಬರುವವರೆಗೆ ಹೆಣೆಯಬಹುದು?

ತೋಪಡಾ

ಈ ಅಳತೆಯಲ್ಲಿ ಒಂದು ದಾಟಿಗೆ ಅಂದಾಜು 2.3 ಸೆಂ.ಮೀ. ಇಳಿಯುತ್ತದೆ. 48ಕ್ಕೆ 1.1 ಮೀಟರ್. ನೋಡಲು ಅಷ್ಟು ಸಾಕು. ಜಡೆ ನೆಲದಿಂದ 1.8 ಮೀಟರ್ ಎತ್ತರಕ್ಕೆ ಬರುವ ಹೊತ್ತಿಗೆ ಕೈಯಲ್ಲಿ 2 ಮೀಟರ್ ಪಟ್ಟಿ ಮಾತ್ರ ಉಳಿಯುತ್ತದೆ, ವೃತ್ತ 1.5 ಮೀಟರ್ ತ್ರಿಜ್ಯಕ್ಕೆ ಕುಗ್ಗುತ್ತದೆ, ಮಕ್ಕಳ ನಡುವೆ 80 ಸೆಂ.ಮೀ. ಕೂಡ ಇರುವುದಿಲ್ಲ. ತಲೆಗೆ ತಲೆ ಬಡಿಯುತ್ತದೆ. ಅದಕ್ಕಿಂತ ಮುಂದೆ ಹೋಗಲೇಬೇಡಿ.

ಅಗಸೆಬಾಗಿಲು

ಮೂರನೇ ಪ್ರಶ್ನೆಗೆ ಬರೋಣ. ಚರ್ಮದ ಚಡ್ಡಿ, ಡಿರ್ನ್‌ಡಲ್ ಬವೇರಿಯಾ ಕಡೆಯ ಉಡುಪು, ಅಮಾನದವರ ಪೂರ್ವಿಕರು ಬವೇರಿಯಾದವರಲ್ಲ. 1714ರಲ್ಲಿ ಜರ್ಮನಿಯದೇ ಹೆಸ್ಸೆ ಪ್ರಾಂತ್ಯದ ಹಿಮ್‌ಬಾಖ್‌ನಲ್ಲಿ ಎಬರ್‌ಹಾರ್ಡ್ ಲುಡ್ವಿಗ್ ಗ್ರುಬರ್ ಮತ್ತು ಯೋಹಾನ್ ಫ್ರೀಡ್ರಿಖ್ ರಾಕ್ ಶುರುಮಾಡಿದ ಕ್ರೈಸ್ತ ಪಂಥ ಅದು. ಸೈನ್ಯಕ್ಕೆ ಸೇರಲು, ಆಣೆ ಮಾಡಲು, ಸರ್ಕಾರಿ ಚರ್ಚಿನ ಶಾಲೆಗೆ ಮಕ್ಕಳನ್ನು ಕಳಿಸಲು ಒಪ್ಪದೆ ಕಷ್ಟಕ್ಕೆ ಸಿಕ್ಕಿ, ಕ್ರಿಸ್ಟಿಯನ್ ಮೆಟ್ಸ್ ಮುಂದಾಳ್ತನದಲ್ಲಿ 1842ರಿಂದ ಅಮೆರಿಕಕ್ಕೆ ಬಂದರು. ಮೊದಲು ನ್ಯೂಯಾರ್ಕ್ ರಾಜ್ಯದ ಬಫಲೋ ಪಕ್ಕದ ಎಬೆನೇಜರ್, 1855ರಿಂದ ಅಯೋವಾ. ಹೋಮ್‌ಸ್ಟೆಡ್ ಅನ್ನೋ ಹಳ್ಳಿಯನ್ನು 1861ರಲ್ಲಿ ರೈಲು ನಿಲ್ದಾಣಕ್ಕಾಗಿ ಕೊಂಡರು.

ಇವರಲ್ಲಿ ಕುಣಿತ ನಿಷಿದ್ಧವಾಗಿತ್ತು. ಪ್ರಾರ್ಥನೆಯಲ್ಲಿ ಇಂದಿಗೂ ವಾದ್ಯವಿಲ್ಲ, ಬರಿಯ ಕೊರಳಿನ ಹಾಡು. ಹೆಂಗಸರು ಪ್ರಾರ್ಥನೆಗೆ ಕಪ್ಪು ಟೋಪಿ, ಶಾಲು, ಏಪ್ರನ್ ತೊಡುತ್ತಾರೆ. ಹಾಗಾಗಿ ಮೇ ಕಂಬ, ಚರ್ಮದ ಚಡ್ಡಿ, ಡಿರ್ನ್‌ಡಲ್ ಎಲ್ಲ ಪ್ರವಾಸಿಗರು ಬರತೊಡಗಿದ ಮೇಲೆ ಸೇರಿಕೊಂಡ ಒಟ್ಟು ಜರ್ಮನ್ ಸಂಭ್ರಮ. ಅದು ಸುಳ್ಳು ಅನ್ನುತ್ತಿಲ್ಲ. ಮಕ್ಕಳು ನಕ್ಕು ಕುಣಿದರೆ ಅದಕ್ಕೂ ಬೆಲೆಯಿದೆ. ಆದರೆ ಆ ನೆಲದ ಸ್ವಂತ ಪರಂಪರೆ ನೋಡಬೇಕಾದರೆ ಬೀದಿಯಿಂದ ನಾಲ್ಕು ಹೆಜ್ಜೆ ಒಳಗೆ ಹೋಗಬೇಕು: ಸಮುದಾಯದ ಅಡುಗೆಮನೆ, ಉಣ್ಣೆ ಗಿರಣಿ, ಪೀಪಾಯಿ ಮಾಡುವ ಕೊಟ್ಟಿಗೆ, ಮರಗೆಲಸದ ಅಂಗಡಿ.

1932ರವರೆಗೆ ಇಲ್ಲಿ ಆಸ್ತಿ ಎಲ್ಲರದ್ದು. ಮನೆಗಳಲ್ಲಿ ಅಡುಗೆಮನೆಯೇ ಇರಲಿಲ್ಲ. ಏಳೂ ಹಳ್ಳಿ ಸೇರಿ 50ಕ್ಕೂ ಹೆಚ್ಚು ಸಾಮೂಹಿಕ ಅಡುಗೆಮನೆ, ಒಂದೊಂದರಲ್ಲಿ 30, 40 ಜನಕ್ಕೆ ಊಟ. ದಿನಕ್ಕೆ ಮೂರು ಊಟ, ನಡುವೆ ಎರಡು ಸಲ ತಿಂಡಿ. ಯಜಮಾನಿಯನ್ನು ಕ್ಯೂಶೆಬಾಸ್ ಅನ್ನುತ್ತಿದ್ದರು. ಮಿಡಲ್ ಅಮಾನದಲ್ಲಿ ಅಂಥದೊಂದು ಅಡುಗೆಮನೆಯನ್ನು 1932ರಲ್ಲಿ ಬಿಟ್ಟಂತೆಯೇ ಉಳಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ: ಇಟ್ಟಿಗೆಯ ಉದ್ದನೆ ಒಲೆ, ತವರದ ಪಾತ್ರೆ, ಉದ್ದ ಬೆಂಚು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ತೆರೆಯುವ ದಿನ ಮೊದಲೇ ವಿಚಾರಿಸಿ, ವರ್ಷವಿಡೀ ತೆರೆದಿರುವುದಿಲ್ಲ.

ಇವರು ಕಾರು ಬಿಟ್ಟು ಕುದುರೆ ಗಾಡಿಯಲ್ಲಿ ಓಡಾಡುವ ಆಮಿಶ್ ಪಂಥದವರಲ್ಲ ಅನ್ನೋದೂ ನೆನಪಿರಲಿ. ಕುದುರೆ ಗಾಡಿ ಹುಡುಕಬೇಡಿ. ಇದೇ ಮಿಡಲ್ ಅಮಾನದಲ್ಲಿ 1934ರಲ್ಲಿ ಶುರುವಾದ ಶೀತಕ ಉದ್ಯಮವೇ ಮುಂದೆ ಅಮಾನ ಬ್ರ್ಯಾಂಡಿನ ಫ್ರಿಜ್, ಮೈಕ್ರೋವೇವ್ ಒಲೆಗಳಾಗಿ ಬೆಳೆದದ್ದು.

ಕಡಲತಡಿ

ಒಂದು ಮಾತು ಸೇರಿಸುತ್ತೇನೆ. ಅವರು ಎಬೆನೇಜರ್ ಊರು ಕಟ್ಟುತ್ತಿದ್ದ 1843ರಲ್ಲೇ ಇತ್ತ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ "ಮಂಗಳೂರ ಸಮಾಚಾರ" ಹೊರತಂದದ್ದು. ಮೋಗ್ಲಿಂಗ್ ಜರ್ಮನಿಯ ವುರ್ಟೆಂಬರ್ಗ್‌ನವರು, 1836ರಲ್ಲಿ ಬಾಸೆಲ್ ಮಿಷನ್ ಪಾದ್ರಿಯಾಗಿ ಬಂದವರು. ಬಾಸೆಲ್ ಮಿಷನ್, ಅಮಾನ ಎರಡೂ ಜರ್ಮನ್ ಪಯಟಿಸಂ ಎಂಬ ಒಂದೇ ಧಾರ್ಮಿಕ ಅಲೆಯ ಕವಲುಗಳು. ಬಾಸೆಲ್ ಮಿಷನ್‌ನವರು ಚರ್ಚಿನ ಒಳಗೇ ಉಳಿದು ಹೊರನಾಡಿಗೆ ಹೊರಟರು, ಅಮಾನದವರು ಚರ್ಚನ್ನೇ ಬಿಟ್ಟು ತಮ್ಮದೇ ಊರು ಕಟ್ಟಿಕೊಂಡರು. ಎರಡು ಕಡೆಯೂ ಮಗ್ಗ ಬಂತು. ಅಲ್ಲಿ ಉಣ್ಣೆ, ನೀಲಿ ಅಚ್ಚಿನ ಕ್ಯಾಲಿಕೊ ಹತ್ತಿ ಬಟ್ಟೆ. ನಮ್ಮಲ್ಲಿ ಬಾಸೆಲ್ ಮಿಷನ್ ನೇಯ್ಗೆ, ಆಮೇಲೆ 1865ರಿಂದ ಹೆಂಚು. ಅಮಾನದ ಕ್ಯಾಲಿಕೊ ಅಚ್ಚು ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ಬಣ್ಣ ಸಿಗದೆ ನಿಂತಿತು. ಉಣ್ಣೆ ಗಿರಣಿ 1857ರಿಂದ ಬಂದದ್ದು, 1923ರ ಬೆಂಕಿಯನ್ನೂ ದಾಟಿ ಉಳಿಯಿತು.

ಉಪ್ಪುನೀರು

ಊಟ. "ಎಲೆಕೋಸು ತಾನೆ, ಸಸ್ಯಾಹಾರ" ಅಂತ ಸೌರ್‌ಕ್ರೌಟ್ ತಟ್ಟೆಗೆ ಬಡಿಸಿಕೊಳ್ಳಬೇಡಿ. ಹುಳಿ ಬಂದ ಕೋಸು ಅಪ್ಪಟ ಸಸ್ಯಾಹಾರವೇ, ಆದರೆ ಬಿಸಿಮಾಡುವಾಗ ಹಂದಿ ಕೊಬ್ಬು, ಬೇಕನ್ ಅಥವಾ ಮಾಂಸದ ಸಾರು ಹಾಕುವುದು ರೂಢಿ. ಕೆಂಪು ಕೋಸಿಗೂ ಹಾಗೆಯೇ. ಹುರಿದ ಆಲೂಗಡ್ಡೆಗೆ ಯಾವ ಎಣ್ಣೆ ಅಂತ ಕೇಳಿ. ಜರ್ಮನ್ ಆಲೂ ಸಲಾಡ್ ಬಿಸಿ ಬಡಿಸಿದರೆ ಬಹುಪಾಲು ಬೇಕನ್ ಇರುತ್ತದೆ. ಸ್ಪೆಟ್ಸ್‌ಲೆ ಮೊಟ್ಟೆಯ ಶಾವಿಗೆ. ಕಾರ್ಟೊಫೆಲ್‌ಪುಫರ್ ನಮ್ಮ ಆಲೂ ದೋಸೆಯಂತೆ ಕಂಡರೂ ಹಿಟ್ಟು ಕೂಡಲು ಮೊಟ್ಟೆ ಹಾಕುತ್ತಾರೆ. ರೂಬಾರ್ಬ್ ಎಂಬ ಹುಳಿ ದಂಟಿನ ಪೈ ಒಳಗಿನ ಹೂರಣ ಸರಿ, ಹೊರಗಿನ ಪದರದಲ್ಲಿ ಲಾರ್ಡ್, ಅಂದರೆ ಹಂದಿ ಕೊಬ್ಬು, ಇರಬಹುದು.

"ವೆಜಿಟೇರಿಯನ್ ಆ?" ಅಂತ ಕೇಳಿದರೆ "ಹೌದು" ಅನ್ನುತ್ತಾರೆ, ಏಕೆಂದರೆ ಮಾಂಸದ ತುಂಡು ಕಾಣುವುದಿಲ್ಲ. "ಇದರಲ್ಲಿ ಲಾರ್ಡ್, ಬೇಕನ್, ಮಾಂಸದ ಸಾರು, ಮೊಟ್ಟೆ ಏನಾದರೂ ಇದೆಯೇ?" ಅಂತ ಒಂದೊಂದಾಗಿ ಕೇಳಿ. ಕಾಟೇಜ್ ಚೀಸ್, ಬ್ರೆಡ್, ಜ್ಯಾಮ್, ಹಸಿ ಸಲಾಡ್, ಬೇಯಿಸಿದ ತರಕಾರಿ ಸಾಮಾನ್ಯವಾಗಿ ಸಿಗುತ್ತವೆ. ಪ್ರೆಟ್ಜೆಲ್‌ನ ಹಿಟ್ಟಿಗೆ ಬೆಣ್ಣೆಯೋ ಲಾರ್ಡೋ ಅಂತ ಕೇಳಿ. ಜೊತೆಗೆ ಕೊಡುವ ಚೀಸ್ ಗೊಜ್ಜಿನಲ್ಲಿ ಬಿಯರ್ ಇರಬಹುದು, ಮಕ್ಕಳಿಗೆ ಸಾಸಿವೆ ಗೊಜ್ಜು ಸಾಕು. ಅಮಾನದ ಪೀಸ್ಟೆಂಗೆಲ್ ರೂಬಾರ್ಬ್ ವೈನ್. ಹೆಸರು ಕೇಳಿ ಪಾನಕ ಅಂದುಕೊಂಡು ಮಕ್ಕಳಿಗೆ ಕೊಟ್ಟೀರಿ.

ಹೊನ್ನೆಮರ

ಮನೆಯಲ್ಲೇ ಸೌರ್‌ಕ್ರೌಟ್ ಹಾಕಲು ಅಳತೆ ಹೇಳುತ್ತೀರಾ? ಮೆತ್ತಗಾಗಿ ವಾಸನೆ ಬರುವುದೇಕೆ?

ಉಪ್ಪುನೀರು

10 ಕಿಲೋ ಕೋಸಿಗೆ 200 ರಿಂದ 250 ಗ್ರಾಂ ಉಪ್ಪು, ಅಂದರೆ ತೂಕದ 2 ರಿಂದ 2.5 ಪಾಲು ನೂರಕ್ಕೆ. ಕೋಸು ಹೆಚ್ಚಿ, ನಡುದಂಟು ತೆಗೆದ ಮೇಲೆ ತೂಗಿ. ಅಯೋಡಿನ್ ಇಲ್ಲದ ಉಪ್ಪು ಒಳ್ಳೆಯದು. ಎಳೆ 2, 3 ಮಿ.ಮೀ. ತೆಳು. ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು, ಕೈಯಲ್ಲಿ ಹಿಂಡಿ ನೀರು ಬಿಡಿಸಿ, ಜಾಡಿಗೆ ಪದರ ಪದರವಾಗಿ ಗುದ್ದಿ ತುಂಬಿ. ಕೋಸಿನ ಮೇಲೆ ಕನಿಷ್ಠ ಎರಡು ಬೆರಳು ಉಪ್ಪುನೀರು ನಿಲ್ಲಬೇಕು. ಸಾಲದಿದ್ದರೆ ಲೀಟರ್ ನೀರಿಗೆ 20 ಗ್ರಾಂ ಉಪ್ಪು ಕರಗಿಸಿ ಸುರಿಯಿರಿ. ಮೇಲೆ ತಟ್ಟೆ, ಅದರ ಮೇಲೆ ಭಾರ. 18 ರಿಂದ 22 ಡಿಗ್ರಿಯಲ್ಲಿ 3, 4 ವಾರ.

ಮೆತ್ತಗಾಗುವುದಕ್ಕೆ ಮುಖ್ಯ ಕಾರಣ ಎರಡು: ಉಪ್ಪು ಕಡಿಮೆ, ಇಲ್ಲವೇ ಸೆಕೆ ಹೆಚ್ಚು. ಬೆಂಗಳೂರಿನ ಏಪ್ರಿಲ್‌ನಲ್ಲಿ ಹಾಕಿದರೆ ವಾರದಲ್ಲೇ ಹುಳಿ ಬಂದು ಬೇಗ ಮೆತ್ತಗಾಗುತ್ತದೆ, ಡಿಸೆಂಬರಿನಲ್ಲಿ ಹಾಕಿ. ಅಲ್ಲಲ್ಲಿ ಗುಲಾಬಿ ಬಣ್ಣ ಬಂದರೆ ಉಪ್ಪು ಒಂದೇ ಕಡೆ ಹೆಚ್ಚು ಬಿದ್ದಿದೆ. ಮೇಲೆ ಬಿಳಿ ತೆಳು ಪೊರೆ ಕಂಡರೆ ಅದು ಯೀಸ್ಟ್, ತೆಗೆದುಹಾಕಿ. ನೂಲು ನೂಲಾದ ಬಣ್ಣದ ಬೂಷ್ಟು ಕಂಡರೆ ಇಡೀ ಜಾಡಿ ಚೆಲ್ಲಿ. ನಮ್ಮ ಉಪ್ಪಿನಕಾಯಿ ಶಿಸ್ತೇ ಇಲ್ಲೂ: ಒಣ ಕೈ, ಒಣ ಸೌಟು.

ದಾರಿಬುತ್ತಿ

ಮಕ್ಕಳ ಓಡಾಟ. ಮೆರವಣಿಗೆ ಹೊತ್ತಿನಲ್ಲಿ ಅಮಾನದ ಮುಖ್ಯ ಬೀದಿ ಮುಚ್ಚುತ್ತದೆ, ಆಮೇಲೆ ಬಂದರೆ ಕಾರು ದೂರ ನಿಲ್ಲಿಸಿ ನಡೆಯಬೇಕು. ಒಂದು ತಾಸು ಮೊದಲೇ ಬನ್ನಿ. ಗಾಡಿಗಳಿಂದ ಮಿಠಾಯಿ ಎಸೆದರೆ ಮಕ್ಕಳು ಚಕ್ರದ ಕಡೆಗೇ ನುಗ್ಗುತ್ತಾರೆ. ಕಲ್ಲಂಚಿನಿಂದ ಎರಡು ಮೀಟರ್ ಹಿಂದೆ ನಿಲ್ಲಿಸಿ, ಎಸೆದದ್ದು ನಿಂತ ಮೇಲೆ ಹೆಕ್ಕಲು ಹೇಳಿ.

ಗದ್ದಲ ಸಾಕಾದಾಗ ಕಾಲೊನಿವೇಗ್ ಹಾದಿ ಇದೆ. ಅಮಾನದಿಂದ ಮಿಡಲ್ ಅಮಾನಕ್ಕೆ 3.1 ಮೈಲಿ, ಗಿರಣಿ ಕಾಲುವೆ ಮತ್ತು ಲಿಲಿ ಕೆರೆಯ ಪಕ್ಕದಲ್ಲಿ. ತಳ್ಳುಗಾಡಿ ಹೋಗುತ್ತದೆ. ಕೆರೆಯ ಹಳದಿ ತಾವರೆ ಅರಳುವುದು ಜುಲೈನಲ್ಲಿ, ಮೇ ತಿಂಗಳಿಗೆ ಆಸೆ ಇಟ್ಟುಕೊಳ್ಳಬೇಡಿ. ಏಳೂ ಹಳ್ಳಿ ಕಾರಿನಲ್ಲಿ ಸುತ್ತಲು 17 ಮೈಲಿ.

ಮೇ ಆರಂಭದ ಅಯೋವಾದಲ್ಲಿ ಬೆಳಗ್ಗೆ ಚಳಿ, ಮಧ್ಯಾಹ್ನ ಬಿಸಿಲು, ಸಂಜೆ ಗುಡುಗು ಎಲ್ಲ ಒಂದೇ ದಿನ ಬರಬಹುದು. ಸುಂಟರಗಾಳಿಯ ಕಾಲವೂ ಹೌದು. ಬಂದ ಕೂಡಲೇ ಗಟ್ಟಿ ಕಟ್ಟಡ ಯಾವುದು ಅಂತ ನೋಡಿಟ್ಟುಕೊಳ್ಳಿ, ಡೇರೆ ಆಸರೆಯಲ್ಲ.

ಮೆಕ್ಕೆಜೋಳದ ನಾಡು

ಇಬ್ಬರು ಕೊನೆಯ ಕ್ಷಣದಲ್ಲಿ ಬರದಿದ್ದರೆ? ಒಬ್ಬರೇ ಬರದಿದ್ದರೆ? ನಡುವೆ ಮಳೆ ಬಂದರೆ?

ಕೋಪುಗಾರ

ಇಬ್ಬರು ಇಲ್ಲದಿದ್ದರೆ 10 ಜನ. ಒಂದು ಕೆಂಪು, ಒಂದು ಹಳದಿ ಪಟ್ಟಿಯನ್ನು ಬಿಲ್ಲೆಯಿಂದ ಪೂರ್ತಿ ತೆಗೆಯಿರಿ, ಕಂಬಕ್ಕೆ ಕಟ್ಟಿಡಬೇಡಿ, ಹೆಣಿಗೆಗೆ ಸಿಕ್ಕುತ್ತದೆ. ಎಣಿಕೆ 40ಕ್ಕೆ ಇಳಿಸಿ, ಆಗ ಮತ್ತೆ 4 ಸುತ್ತು ಸರಿಯಾಗುತ್ತದೆ. ಒಬ್ಬರೇ ಬರದಿದ್ದರೆ ಉಳಿದ 11ರಲ್ಲಿ ಒಬ್ಬರಿಗೆ ಎಣಿಕೆ ಕೂಗುವ ಕೆಲಸ ಕೊಡಿ. ಅದು ದೊಡ್ಡ ಕೆಲಸ, ಲಯ ಗಟ್ಟಿ ಇರುವ ಮಗುವಿಗೇ ಕೊಡಿ.

ನಡುವೆ ತಪ್ಪಿದರೆ ಎಳೆದು ಸರಿಮಾಡಲು ಹೋಗಬೇಡಿ. ಕೂಗುವವರು "ನಿಲ್ಲಿ" ಅನ್ನಬೇಕು, ಎಲ್ಲರೂ ಇದ್ದಲ್ಲೇ ನಿಂತು ಪಟ್ಟಿ ಬಿಗಿ ಹಿಡಿಯಬೇಕು. ಕಂಬದ ಮೇಲೆ ನೋಡಿದರೆ ಒಂದು ಬಣ್ಣ ಎರಡು ಮನೆ ಸತತ ಮೇಲೆ ಬಂದ ಜಾಗ ಕಾಣುತ್ತದೆ. ಅಲ್ಲಿಯವರೆಗೆ ನಡಿಗೆಯಲ್ಲೇ ಹಿಂದಕ್ಕೆ ಬಿಚ್ಚಿ, ಸರಿಪಡಿಸಿ, ಮತ್ತೆ ಶುರು.

ತೋಪಡಾ

ಮಳೆಗೆ: ಹತ್ತಿ ಲಾಡಿ ನೀರು ಕುಡಿದರೆ ಭಾರವಾಗಿ ಒಂದಕ್ಕೊಂದು ಅಂಟಿ ಬಿಚ್ಚಲು ಬರುವುದಿಲ್ಲ. ಹನಿ ಶುರುವಾದ ಕೂಡಲೇ ಇದ್ದಷ್ಟಕ್ಕೇ ನಿಲ್ಲಿಸಿ ಬಿಚ್ಚಿಬಿಡಿ. ಕೆಂಪು ಬಣ್ಣ ಹಳದಿಗೆ ಹತ್ತುತ್ತದೆ, ಹೊಸ ಪಟ್ಟಿಯನ್ನು ಮೊದಲೇ ಉಪ್ಪುನೀರಿನಲ್ಲಿ ಒಮ್ಮೆ ಒಗೆದು ಬಣ್ಣ ಬಿಡುತ್ತದೆಯೇ ನೋಡಿ. ಕಾರ್ಯಕ್ರಮ ಮುಗಿದ ಮೇಲೆ ಒದ್ದೆ ಪಟ್ಟಿಯನ್ನು ಸುತ್ತಿಡಬೇಡಿ, ಬೂಷ್ಟು ಬರುತ್ತದೆ. ನೆರಳಿನಲ್ಲಿ ಒಣಗಿಸಿ, ಒಂದೊಂದನ್ನೂ ಬೇರೆಬೇರೆ ರಟ್ಟಿನ ಕೊಳವೆಗೆ ಸುತ್ತಿ, ಬಿಲ್ಲೆಯ ತೂತಿನ ಸಂಖ್ಯೆ ಬರೆದಿಡಿ. ಮುಂದಿನ ಮೇ ತಿಂಗಳಲ್ಲಿ ಕಟ್ಟಲು ಹತ್ತು ನಿಮಿಷ ಸಾಕು.